ಕವಿತೆ ಮುಗಿದ ಮೇಲೆ

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಯ ಪಾಲಾಯಿತು. ಈ ತಾಲ್ಲೂಕಿನ ನೀಲಗುಂದ ಮಾತ್ರ ತನ್ನ ಭೀಮೇಶ್ವರ ಗುಡಿಯ ಜೊತೆ ಇದ್ದಲ್ಲೇ ಇದೆ. ಜಿಲ್ಲೆ ಬದಲಾದಾಗಲೆಲ್ಲ ಕಚೇರಿಯ ಕಾಗದಗಳ ಜೊತೆ ಇನ್ನೊಂದೂ ಬದಲಾಗುತ್ತದೆ: ಇಲ್ಲಿ ಬರೆಯುವವರು ಕವಿತೆ ಓದಲು ಯಾವ ಊರಿನ ಬಸ್ಸು ಹತ್ತಬೇಕು, ಯಾರ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕಬೇಕು ಎಂಬುದು. ಹೆಸರು ಸಿಕ್ಕಿದರೂ ಗೋಷ್ಠಿ ತಡವಾಗಿಯೇ ಶುರುವಾಗುತ್ತದೆ. ಸರದಿ ಬರುವ ಹೊತ್ತಿಗೆ ಊರಿನ ಕೊನೆಯ ಬಸ್ಸು ಹೋಗಿರುತ್ತದೆ. ಬರೆಯುವ ಹೆಣ್ಣುಮಕ್ಕಳಿಗಂತೂ ಕವಿತೆಗಿಂತ ಆ ಬಸ್ಸಿನ ಚಿಂತೆಯೇ ದೊಡ್ಡದು.

ಫೋನಿನೊಳಗೆ ನಡೆಯುವ ಕವಿಗೋಷ್ಠಿ ಈ ತಾಪತ್ರಯ ಕಳೆಯಿತು. 2020ರ ಫೆಬ್ರುವರಿಯಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕವಿ ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರಾಗಿದ್ದರು. ಮುಂದಿನ ತಿಂಗಳೇ ಕೊರೊನಾದಿಂದ ದೇಶದ ಬಾಗಿಲು ಮುಚ್ಚಿತು. ಆಮೇಲಿನ ಸಮ್ಮೇಳನ ಹಾವೇರಿಯಲ್ಲಿ, ಇನ್ನೊಬ್ಬ ಕವಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ನೆರವೇರಿದ್ದು 2023ರ ಜನವರಿಯಲ್ಲಿ. ನಡುವಿನ ಹೆಚ್ಚುಕಡಿಮೆ ಮೂರು ವರ್ಷ ಕವಿಗಳಿಗೆ ಸಮ್ಮೇಳನದ ವೇದಿಕೆ ಸಿಗಲಿಲ್ಲ. ಆಗ ಕಲಿತದ್ದು ಈ ಸಂಜೆಯ ಆನ್‌ಲೈನ್ ಓದು. ಧಾರವಾಡದವರು, ಕಾಸರಗೋಡಿನವರು, ಅಮೆರಿಕದಲ್ಲಿರುವ ಕನ್ನಡಿಗರು ಒಂದೇ ಪರದೆಯಲ್ಲಿ ಸಾಲಾಗಿ ಕೂತರು. ನೆಟ್‌ವರ್ಕ್ ಸಿಗುವ ಮಾಳಿಗೆಯೊಂದಿದ್ದರೆ ಕೂಡ್ಲಿಗಿ, ಹಡಗಲಿಯ ಹಳ್ಳಿಯ ಹುಡುಗಿಯೂ ಅವರ ಸಾಲಿನಲ್ಲೇ ಕೂರಬಹುದು. ಇದು ಸಣ್ಣ ಲಾಭವಲ್ಲ.

ಆದರೆ ಈ ಲಾಭವೆಲ್ಲ ಓದುವವರ ಲೆಕ್ಕಕ್ಕೇ ಜಮೆಯಾಗಿದೆ. ಕೇಳುವವರ ಪಾಡು ನೋಡಿ. ಸಭೆ ಶುರುವಾಗುವ ಮೊದಲೇ ನಿರೂಪಕರು, ‘ದಯವಿಟ್ಟು ಎಲ್ಲರೂ ಮ್ಯೂಟ್ ಮಾಡ್ಕೊಳ್ಳಿ’ ಎನ್ನುತ್ತಾರೆ. ಕವಿ, ‘ನನ್ನ ದನಿ ಕೇಳ್ತಾ ಇದೆಯಾ?’ ಎಂದು ಕೇಳಿ, ಉತ್ತರ ಬಾರದಿದ್ದರೂ ಓದಿಗೆ ಇಳಿಯುತ್ತಾರೆ. ಓದು ಮುಗಿದ ಕೂಡಲೇ ಪರದೆಯ ಮೂಲೆಯಲ್ಲಿ ಚಪ್ಪಾಳೆಯ ಹಳದಿ ಕೈಗಳು ಏಳುತ್ತವೆ, ‘ಚೆನ್ನಾಗಿದೆ ಸರ್’, ‘ಸೂಪರ್ ಮೇಡಂ’ ಎಂಬ ಬರಹ ಹರಿಯುತ್ತದೆ. ಅಷ್ಟರಲ್ಲಿ ಮುಂದಿನ ಕವಿಯ ಪರಿಚಯ ಶುರು. ತಮ್ಮ ಸರದಿ ಮುಗಿಸಿದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡುತ್ತಾರೆ. ಕೊನೆಯ ಕವಿಗೆ ಉಳಿಯುವವರು ವಂದನಾರ್ಪಣೆಯವರು ಮತ್ತು ನಿರೂಪಕರು. ಯಾವ ಸಾಲು ಯಾರಿಗೆ ನಾಟಿತು, ಯಾರಿಗೆ ಅರ್ಥವಾಗಲಿಲ್ಲ, ಯಾರಿಗೆ ಸಿಟ್ಟು ಬಂತು ಎಂಬುದು ಕಡೆಗೂ ಗೊತ್ತಾಗುವುದಿಲ್ಲ.

ಸುಮ್ಮನಿರಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಜನಸಾಗರವನ್ನು ಗೊರವಯ್ಯ ಒಂದೇ ಕೂಗಿಗೆ ಸುಮ್ಮನಾಗಿಸುತ್ತಾನೆ. ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಡೆಂಕನಮರಡಿಯಲ್ಲಿ ಉಸಿರೂ ಕೇಳಿಸದು. ಅವನು ನುಡಿಯುವ ಭವಿಷ್ಯವಾಣಿ, ಕಾರಣಿಕ, ಬರೀ ಒಂದು ಸಾಲು. ನುಡಿದವನು ಬಿಲ್ಲಿನಿಂದ ಧುಮುಕಿದ ಮೇಲೆ ಜನರ ಕೆಲಸ ಶುರುವಾಗುತ್ತದೆ. ಮಳೆ ಹೇಗೆ, ಬೆಳೆ ಹೇಗೆ, ಕುರ್ಚಿ ಯಾರಿಗೆ ಎಂದು ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಹೊಲದ ಬದುವಿನಲ್ಲಿ ಆ ಒಂದು ಸಾಲನ್ನು ಎಳೆದಾಡುತ್ತಾರೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ. ಮೈಲಾರದಲ್ಲಿ ಮೌನ ಒಂದು ಗಳಿಗೆಯದು, ಮಾತು ವರ್ಷದ್ದು. ಪರದೆಯ ಗೋಷ್ಠಿಯಲ್ಲಿ ಇಪ್ಪತ್ತು ಕವಿತೆಗಳ ಉದ್ದಕ್ಕೂ ಮೌನ, ಆಮೇಲೂ ಮೌನ.

ಈ ನಾಡಿನ ಹಾಡು ಒಂಟಿ ದನಿಯನ್ನು ನೆಚ್ಚಿದ್ದು ಕಡಿಮೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ, 2014ರಲ್ಲಿ ತೀರಿಕೊಂಡವರು, ಹನ್ನೆರಡು ಜನಪದ ಕಾವ್ಯಗಳನ್ನು ಕಂಠದಲ್ಲಿ ಇಟ್ಟುಕೊಂಡಿದ್ದರು. ಬುರ್ರಕಥೆಗೆ ಅವರು ನಿಂತರೆ ಮಗ್ಗುಲಲ್ಲಿ ದನಿಗೂಡಿಸುವ ಹೆಣ್ಣುಮಕ್ಕಳು ಇರಲೇಬೇಕಿತ್ತು. ಗೀಗಿ ಪದದಲ್ಲಿ ಹಿಂದಿನವರು ಎತ್ತಿ ಹಾಡಿದರೇನೇ ಮುಂದಿನವರಿಗೆ ಕಳೆ. ಸೋಬಾನೆಯಲ್ಲಿ ಹಾಡುವವರು ಯಾರು, ಕೇಳುವವರು ಯಾರು ಎಂದು ಗೆರೆ ಎಳೆಯಲು ಬರುವುದಿಲ್ಲ. ಹತ್ತೊಂಬತ್ತನೇ ಶತಮಾನದ ಹರಪನಹಳ್ಳಿ ಭೀಮವ್ವನ ಪದಗಳು ನಮ್ಮವರೆಗೆ ಬಂದದ್ದೂ ಹಾಗೆಯೇ: ಕೇಳಿದ ಹೆಂಗಸರು ಅವನ್ನು ಮನೆಗೆ ಒಯ್ದು, ಆರತಿ ಹಸೆಗಳಲ್ಲಿ ತಮ್ಮ ದನಿಯಲ್ಲಿ ಹಾಡಿದರು.

ಪರದೆಯ ಈ ಮೌನ ಯಂತ್ರದ ತಪ್ಪು ಎಂದು ಕೈತೊಳೆದುಕೊಳ್ಳುವಂತಿಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಕ್ಯಾಸೆಟ್ಟಾಗಿ ಬಂತು. ಕವಿಯ ಮುಖ ಕಾಣದಿದ್ದರೂ ಜನ ಅದನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿದರು; ಶಾಲೆಯ ಮಕ್ಕಳು ವೇದಿಕೆಯಲ್ಲಿ ಹಾಡಿದರು. ಕ್ಯಾಸೆಟ್ಟಿಗೆ ಕಿವಿ ಇರಲಿಲ್ಲ. ಇಂದಿನ ಫೋನಿಗೆ ಕಿವಿಯೂ ಇದೆ, ಬಾಯಿಯೂ ಇದೆ. ಕೇಳುಗರ ಬಾಯಿ ಮುಚ್ಚಿಸಿರುವವರು ನಾವು. ಇಪ್ಪತ್ತು ಕವಿಗಳನ್ನು ಎರಡು ತಾಸಿನಲ್ಲಿ ತುರುಕುವ ಅವಸರ, ಯಾರ ಹೆಸರೂ ಬಿಟ್ಟುಹೋಗಬಾರದೆಂಬ ದಾಕ್ಷಿಣ್ಯ, ಪ್ರಮಾಣಪತ್ರದ ಆಸೆ, ಇವು ಪೆಂಡಾಲಿನ ಗೋಷ್ಠಿಯಿಂದ ಹಾಗೆಯೇ ಪರದೆಗೆ ಬಂದಿವೆ. ಪೆಂಡಾಲಿನಲ್ಲಿ ಕಡೇಪಕ್ಷ ಹಿಂದಿನ ಸಾಲಿನಿಂದ ‘ಇನ್ನೊಮ್ಮೆ ಓದ್ರೀ’ ಎಂದು ಕೂಗುವವನೊಬ್ಬ ಇರುತ್ತಿದ್ದ. ಅವನೊಬ್ಬನನ್ನೇ ನಾವು ಹೊರಗೆ ಬಿಟ್ಟು ಬಂದೆವು.

ಅವನನ್ನು ಮರಳಿ ಕರೆಯುವುದು ಕಷ್ಟವಲ್ಲ. ಸಂಜೆಗೆ ನಾಲ್ಕೇ ಕವಿಗಳು ಸಾಕು. ಒಂದೊಂದು ಕವಿತೆಯನ್ನು ಎರಡೆರಡು ಸಲ ಓದಲಿ. ನಡುವೆ ಕೇಳುಗರಲ್ಲೊಬ್ಬರು ಮೈಕ್ ತೆರೆದು ತಮ್ಮ ಕಿವಿಯಲ್ಲಿ ಉಳಿದ ಸಾಲನ್ನು ತಿರುಗಿ ಹೇಳಲಿ. ತಪ್ಪಾಗಿ ನೆನಪಿಟ್ಟಿದ್ದರೂ ಚಿಂತೆಯಿಲ್ಲ, ಎಲ್ಲಿ ತಪ್ಪಿತೆಂದು ತಿಳಿಯುವುದು ಕವಿಗೂ ಪಾಠವೇ. ಹಳ್ಳಿಗಳಲ್ಲಿ ಒಬ್ಬೊಬ್ಬರೇ ಇಯರ್‌ಫೋನ್ ತುರುಕಿಕೊಂಡು ಕೇಳುವ ಬದಲು ಗ್ರಂಥಾಲಯದಲ್ಲೋ ಶಾಲೆಯ ಜಗಲಿಯಲ್ಲೋ ಆರೇಳು ಮಂದಿ ಒಂದು ಫೋನಿನ ಸುತ್ತ ಕೂತರೆ, ಕರೆ ಕಡಿದ ಮೇಲೂ ಮಾತು ಮುಂದುವರಿಯುತ್ತದೆ.

ಕವಿತೆ ದೂರ ಹೋಗಲಿ ಎಂದು ಹಾರೈಸುವುದು ವಾಡಿಕೆ. ಆ ಹಾರೈಕೆ ಈಗ ಈಡೇರಿದೆ. ಕ್ಯಾಲಿಫೋರ್ನಿಯಾದಲ್ಲಿ ಓದಿದ್ದು ನೀಲಗುಂದಕ್ಕೆ ಅದೇ ಗಳಿಗೆಗೆ ಮುಟ್ಟುತ್ತದೆ. ಇನ್ನು ನೀಲಗುಂದದವರು ಏನೆಂದರು ಎಂದು ಕ್ಯಾಲಿಫೋರ್ನಿಯಾದ ಕವಿ ಕೇಳಿಸಿಕೊಳ್ಳಬೇಕು. ಅದಕ್ಕೆ ಹೊಸ ಯಂತ್ರ ಬೇಕಿಲ್ಲ. ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಕೂತಿರುವ ವ್ಯವಧಾನ ಬೇಕು.