ಗುರಿ ಇದ್ದದ್ದು ಕಾಲುಚೀಲದಲ್ಲಿ

‘ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು’ ಎಂಬ ಮಾತು ಶಾಲೆಯ ಗೋಡೆಗಳ ಮೇಲೆ, ಸನ್ಮಾನದ ಭಾಷಣಗಳಲ್ಲಿ ಸವೆದುಹೋಗಿದೆ. ಗುರಿ ಎಂದಾಕ್ಷಣ ನಮಗೆ ಪದಕ, ರ‍್ಯಾಂಕು, ಟ್ರೋಫಿ ನೆನಪಾಗುತ್ತವೆ. ಅಮೆರಿಕದ ಪುರುಷರ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಬೇರೆ ಯಾವ ಕೋಚೂ ಗೆಲ್ಲದಷ್ಟು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಜಾನ್ ವುಡನ್ ಮಾತ್ರ ಹುಡುಗರ ಮುಂದೆ ಗೆಲುವಿನ ಮಾತು ಎತ್ತುತ್ತಿದ್ದದ್ದೇ ಅಪರೂಪ.

ಗಾದೆಯ ಗುರುವಿನ ಪಾಲು ಸಲೀಸು. ಇಂಡಿಯಾನಾದ ಹಳ್ಳಿಹುಡುಗ ವುಡನ್ ಪರ್ಡ್ಯೂ ವಿಶ್ವವಿದ್ಯಾಲಯ ಸೇರಿದಾಗ ಅಲ್ಲಿ ಕೋಚ್ ಆಗಿದ್ದವರು ವಾರ್ಡ್ ಲ್ಯಾಂಬರ್ಟ್. ಎದುರಾಳಿ ಸಾವರಿಸಿಕೊಳ್ಳುವ ಮೊದಲೇ ಚೆಂಡು ಹಿಡಿದು ನುಗ್ಗುವ ಫಾಸ್ಟ್ ಬ್ರೇಕ್, ಅದಕ್ಕೆ ಬೇಕಾದ ದಮ್ಮು, ಎರಡನ್ನೂ ಕೊಟ್ಟವರು ಅವರೇ. ನೆಲಕ್ಕೆ ಬಿದ್ದು ಪುಟಿದೇಳುತ್ತಿದ್ದ ಈ ಗಾರ್ಡ್‌ಗೆ ‘ಇಂಡಿಯಾನಾದ ರಬ್ಬರ್ ಮನುಷ್ಯ’ ಎಂಬ ಅಡ್ಡಹೆಸರು ಬಿತ್ತು. 1930ರಿಂದ 1932ರವರೆಗೆ ಮೂರೂ ವರ್ಷ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆ. ಆಮೇಲೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು, ಜೊತೆಗೆ ಕೋಚು. ಮೊದಲ ವರ್ಷ ಅವರ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಚೆನ್ನಾಗಿ ಆಡುವವನು ಚೆನ್ನಾಗಿ ಕಲಿಸಿಯಾನು ಎಂಬ ಖಾತ್ರಿ ಎಲ್ಲಿದೆ?

ತಕರಾರು ಇರುವುದು ಗುರಿಯ ಬಗ್ಗೆ. 1947ರಲ್ಲಿ, ವುಡನ್ ಆಗ ಕೋಚ್ ಆಗಿದ್ದ ಇಂಡಿಯಾನಾ ಸ್ಟೇಟ್ ಕಾಲೇಜಿನ ತಂಡಕ್ಕೆ ಕಾನ್ಸಾಸ್ ಸಿಟಿಯ ರಾಷ್ಟ್ರೀಯ ಟೂರ್ನಿಯಿಂದ ಕರೆ ಬಂತು. ಅಲ್ಲಿ ಕಪ್ಪು ಜನಾಂಗದವರು ಆಡುವಂತಿರಲಿಲ್ಲ. ಇವರ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಇದ್ದರು. ವಾಕರ್ ಬದಲಿ ಆಟಗಾರ, ಬಿಟ್ಟು ಹೋಗಿದ್ದರೆ ಆಟದ ಲೆಕ್ಕದಲ್ಲಿ ದೊಡ್ಡ ನಷ್ಟವೇನಿರಲಿಲ್ಲ. ವುಡನ್ ಕರೆಯನ್ನೇ ನಿರಾಕರಿಸಿದರು. ಮರುವರ್ಷ ನಿಯಮ ಬದಲಾಯಿತು, ವಾಕರ್ ಆಡಿದರು, ತಂಡ ಫೈನಲ್‌ನಲ್ಲಿ ಸೋತಿತು. ಟ್ರೋಫಿಯೇ ಗುರಿಯೆಂದುಕೊಂಡರೆ ಈ ಲೆಕ್ಕ ತಾಳೆಯಾಗುವುದಿಲ್ಲ.

ಹಾಗಾದರೆ ಮುಂದಿದ್ದದ್ದು ಏನು? 1948ರಲ್ಲಿ ಅವರು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಸೇರಿದರು. ಅಲ್ಲಿ ವರ್ಷದ ಮೊದಲ ಪಾಠ ಕಾಲುಚೀಲದ್ದು. ಬೆರಳ ತುದಿಯಿಂದ ಹಿಮ್ಮಡಿಯವರೆಗೆ ಕೈಯಾಡಿಸಿ ಸುಕ್ಕು ತೆಗೆಯಬೇಕು, ಕಿರುಬೆರಳ ಬಳಿ ಮತ್ತೊಮ್ಮೆ ನೋಡಬೇಕು. ಬಳಿಕ ಶೂ ಲೇಸನ್ನು ಒಂದೊಂದು ತೂತಿನಲ್ಲೂ ಬಿಗಿದು ಎರಡು ಗಂಟು. ಸುಕ್ಕಿದ್ದರೆ ಬೊಕ್ಕೆ, ಬೊಕ್ಕೆ ಎದ್ದರೆ ಓಟವಿಲ್ಲ, ಓಟವಿಲ್ಲದೆ ಲ್ಯಾಂಬರ್ಟ್ ಕಲಿಸಿದ ಆಟವೇ ಇಲ್ಲ. ದೈತ್ಯದೇಹಿ ಬಿಲ್ ವಾಲ್ಟನ್‌ಗೂ ಇದರಿಂದ ವಿನಾಯಿತಿ ಸಿಗಲಿಲ್ಲ.

ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1964ರಲ್ಲಿ, ಹದಿನಾರನೇ ಸೀಸನ್‌ಗೆ. ಅಷ್ಟೂ ವರ್ಷ ಅಭ್ಯಾಸ ಮೂರನೇ ಮಹಡಿಯ ಇಕ್ಕಟ್ಟಿನ, ಬೆವರು ನಾರುವ ಜಿಮ್ಮಿನಲ್ಲಿ. ನೆಲ ಒರೆಸಲು ಕೋಚ್ ಸಾಹೇಬರೇ ನಿಲ್ಲುತ್ತಿದ್ದರು. ಆ ವರ್ಷದ ಆರಂಭಿಕ ಐವರಲ್ಲಿ ಆರೂವರೆ ಅಡಿ ಎತ್ತರದವರು ಒಬ್ಬರೂ ಇರಲಿಲ್ಲ, ಆದರೂ ಆಡಿದ 30 ಪಂದ್ಯಗಳನ್ನೂ ತಂಡ ಗೆದ್ದಿತು. 1975ರೊಳಗೆ ಇನ್ನೂ ಒಂಬತ್ತು ಪ್ರಶಸ್ತಿ ಬಂದವು. ಆಮೇಲೆ ತಂಡಕ್ಕೆ ಬಂದ ದೈತ್ಯ ಆಟಗಾರರಾದ ಅಲ್ಸಿಂಡರ್, ವಾಲ್ಟನ್ ಅಂಥವರು ಇದ್ದರೆ ಯಾರು ಬೇಕಾದರೂ ಗೆಲ್ಲುತ್ತಿದ್ದರು ಎನ್ನುವವರಿದ್ದಾರೆ. ಅರ್ಧ ನಿಜ, ಆದರೆ 1964ರಲ್ಲಿ ಅವರಿಬ್ಬರೂ ಇರಲಿಲ್ಲ.

ವುಡನ್ನರ ಕೊನೆಯ ಸೀಸನ್ನಿನಲ್ಲಿ ರೋಲಂಡ್ ಥಾರ್ಪ್, ರೊನಾಲ್ಡ್ ಗ್ಯಾಲಿಮೋರ್ ಎಂಬ ಮನಶ್ಶಾಸ್ತ್ರಜ್ಞರು ಅಭ್ಯಾಸದ ಅಂಚಿನಲ್ಲಿ ಕೂತು ಅವರ ಮಾತು, ಕೈಸನ್ನೆಗಳನ್ನು ಬರೆದುಕೊಂಡರು. 2,326 ನಮೂದುಗಳಲ್ಲಿ ಸುಮಾರು ಮುಕ್ಕಾಲು ಪಾಲು ಏನನ್ನು, ಹೇಗೆ ಮಾಡಬೇಕೆಂಬ ಸೂಚನೆ. ಶಭಾಷ್‌ಗಿರಿ ಶೇ 7ರ ಆಸುಪಾಸು, ಗದರಿಕೆಯೂ ಅಷ್ಟೇ. ಹುಡುಗ ತಪ್ಪಿದರೆ ಸರಿಯಾದದ್ದನ್ನು ಮಾಡಿ ತೋರಿಸುತ್ತಿದ್ದರು, ಅವನು ಮಾಡಿದ್ದನ್ನು ಹಾಗೇ ಮಾಡಿ ತೋರಿಸುತ್ತಿದ್ದರು, ಮತ್ತೆ ಸರಿಯಾದದ್ದನ್ನು. ಎಲ್ಲ ಕೆಲವೇ ಸೆಕೆಂಡು, ಆಟ ಮುಂದುವರಿಯುತ್ತಿತ್ತು. ಆಗ ಅವರಿಗೆ 64 ವರ್ಷ.