ಬೆಂಕಿ ನಮ್ಮದು, ತಿಥಿ ಅವರದು

ತನ್ನ ದೇಹವನ್ನು ಸುಡಬೇಕೋ, ಹೂಳಬೇಕೋ, ವೈದ್ಯಕೀಯ ಕಾಲೇಜಿಗೆ ಕೊಡಬೇಕೋ ಎಂದು ಯಾರಾದರೂ ಬದುಕಿರುವಾಗಲೇ ಬರೆದಿಡಲು ಹೊರಟರೆ ಮನೆಯವರು ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಈ ಅಳುಕಿಗೆ ಶಾಸ್ತ್ರದ ಬೆಂಬಲ ಕಡಿಮೆ. ಅಗ್ನಿಹೋತ್ರ ಮಾಡುವ ಆಹಿತಾಗ್ನಿ ತೀರಿಕೊಂಡರೆ, ಅವನು ಜೀವಮಾನವಿಡೀ ಕಾಪಾಡಿಕೊಂಡು ಬಂದ ಅಗ್ನಿಗಳಿಂದಲೇ ಅವನನ್ನು ಸುಡುವ ಕ್ರಮವನ್ನು ಆಶ್ವಲಾಯನ ಗೃಹ್ಯಸೂತ್ರ ವಿವರಿಸುತ್ತದೆ. ಬಲಗೈಯಲ್ಲಿ ಜುಹೂ, ಎಡಗೈಯಲ್ಲಿ ಉಪಭೃತ್, ಎದೆಯ ಮೇಲೆ ಧ್ರುವಾ, ಮೂಗಿನ ಮೇಲೆ ಸ್ರುವ: ಅವನ ಯಜ್ಞಪಾತ್ರೆಗಳು ಅವನ ಅಂಗಾಂಗಗಳ ಮೇಲೇ ಕೂರುತ್ತವೆ. ಕೊನೆಯ ಆಹುತಿಗೆ ಬೇಕಾದ ಬೆಂಕಿಯನ್ನೂ ಸಾಮಗ್ರಿಯನ್ನೂ ಆತ ಮನೆಯಲ್ಲಿಟ್ಟುಕೊಂಡೇ ಬಾಳಿದ್ದ. ಸನ್ಯಾಸ ತೆಗೆದುಕೊಳ್ಳುವವರಂತೂ ಆತ್ಮಶ್ರಾದ್ಧವನ್ನೇ ಮಾಡಿಕೊಳ್ಳುತ್ತಾರೆ.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಪಿತೃಋಣ ತೀರಿಸುವುದು ಮಕ್ಕಳ ಕರ್ತವ್ಯ. ‘ನನಗೇನೂ ಮಾಡಬೇಡಿ’ ಎಂದು ಬರೆದಿಟ್ಟು ಹೋಗುವ ಅಪ್ಪ ಆ ಋಣವನ್ನು ಮಾಫಿ ಮಾಡಬಲ್ಲನೆ? ಅದು ಅವನೊಬ್ಬನಿಗೇ ಸಲ್ಲಬೇಕಾದ ಸಾಲವಾಗಿದ್ದರೆ ಮಾಡಬಹುದಿತ್ತು. ಶ್ರಾದ್ಧದಲ್ಲಿ ಮೂರು ತಲೆಮಾರಿಗೆ ಪಿಂಡವಿಡುತ್ತಾರೆ, ಅಪ್ಪ ಅವರಲ್ಲಿ ಒಬ್ಬ ಮಾತ್ರ. ಆದ್ದರಿಂದ ಈ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ದೇಹ ಏನಾಗಬೇಕೆಂಬುದನ್ನು ಹೋಗುವವರು ನಿರ್ಧರಿಸಲಿ. ಹೇಗೆ ನೆನೆಯಬೇಕೆಂಬುದನ್ನು ಉಳಿಯುವವರಿಗೆ ಬಿಡಲಿ.

ನೆಹರೂ ವಿಷಯದಲ್ಲಿ ಈ ಗೆರೆ ತಾನಾಗಿ ಮೂಡಿತು. 1954ರ ಜೂನ್ 21ರಂದು ಬರೆದ ಉಯಿಲಿನಲ್ಲಿ ಅವರು ತಮಗೆ ಯಾವ ಧಾರ್ಮಿಕ ವಿಧಿಯೂ ಬೇಡವೆಂದಿದ್ದರು. ಬೂದಿಯಲ್ಲಿ ಒಂದು ಹಿಡಿ ಗಂಗೆಗೆ, ಹೆಚ್ಚಿನ ಪಾಲು ವಿಮಾನದಿಂದ ರೈತರ ಹೊಲಗಳಿಗೆ ಎಂದಿದ್ದರು. 1964ರ ಮೇ 28ರಂದು ಯಮುನೆಯ ದಡದಲ್ಲಿ ಮಂತ್ರಗಳ ನಡುವೆಯೇ ಚಿತೆ ಹತ್ತಿತು. ಬೂದಿ ಮಾತ್ರ ಅವರು ಹೇಳಿದಂತೆಯೇ ಹೊಲಗಳ ಮೇಲೆ ಬಿತ್ತು. ನಂಬದವನ ಶವದ ಮುಂದೆ ಮಂತ್ರ ಹೇಳಿದರೆ ಅವನ ಬಾಳನ್ನೇ ಸುಳ್ಳು ಮಾಡಿದಂತೆ ಎಂದು ವಿಚಾರವಾದಿಗಳು ಆಕ್ಷೇಪಿಸಬಹುದು. ನೆಹರೂ ನಂಬಿದ್ದೇನು, ನಂಬದ್ದೇನು ಎಂಬುದು ಅವರ ಪುಸ್ತಕಗಳಲ್ಲೂ ಆ ಉಯಿಲಿನಲ್ಲೂ ಇವತ್ತಿಗೂ ಇದೆ. ಚಿತೆಯ ಮುಂದಿನ ಮಂತ್ರಕ್ಕೆ ಅದು ಅಳಿಸಿಹೋಗಲಿಲ್ಲ. ಮಂತ್ರವಿಲ್ಲದೆ ಕಳಿಸಿಕೊಡಲಾಗದವರಿಗೆ ಅದು ಬೇಕಿತ್ತು.

ಉಳಿದವರಿಗೆ ಬಿಡಬೇಕೆಂದರೆ ತುಟಿ ಬಿಚ್ಚಬಾರದೆಂದಲ್ಲ. ಹಾಲು-ತುಪ್ಪದಿಂದ ವೈಕುಂಠ ಸಮಾರಾಧನೆಯವರೆಗೆ ಖರ್ಚು ಏರುತ್ತಾ ಹೋಗುವುದು ಬಹಳ ಸಲ ‘ಇಷ್ಟೂ ಮಾಡಲಿಲ್ಲವಂತೆ’ ಎನ್ನುವ ನೆಂಟರ ಬಾಯಿಗೆ ಹೆದರಿ. ‘ಸಾಲ ಮಾಡಿ ಊಟ ಹಾಕಬೇಡಿ, ಅಸ್ಥಿ ಬಿಡಲು ಪಶ್ಚಿಮವಾಹಿನಿ ಸಾಕು’ ಎಂದು ಅಪ್ಪನ ಕೈಬರಹದಲ್ಲಿದ್ದರೆ ಆ ಬಾಯಿಗೆ ತೋರಿಸಲು ಒಂದು ಕಾಗದವಾದರೂ ಸಿಗುತ್ತದೆ. ಮನಸ್ಸಾದರೆ ಮಕ್ಕಳು ಕಾಶಿಗೇ ಹೋಗಲಿ, ಅಡ್ಡಿಯಿಲ್ಲ. ದೇಹದಾನಕ್ಕೆ ಮಾತ್ರ ಕಾಗದವೊಂದೇ ಸಾಲದು. ಮನೆಯವರು ಒಪ್ಪಿ, ತಡಮಾಡದೆ ಕಾಲೇಜಿಗೆ ಫೋನ್ ಮಾಡದಿದ್ದರೆ ಸಹಿ ಹಾಕಿದ ಅರ್ಜಿ ಫೈಲಿನಲ್ಲೇ ಉಳಿಯುತ್ತದೆ. ಉಯಿಲಿನಲ್ಲಿ ಸೇರಿಸಿ ಬೀರುವಿನಲ್ಲಿಟ್ಟರೂ ಅಷ್ಟೇ. ಸಾಮಾನ್ಯವಾಗಿ ಅದನ್ನು ತೆಗೆದು ಓದುವುದು ಕರ್ಮಗಳೆಲ್ಲ ಮುಗಿದ ಮೇಲೆ. ಹಾಗಾಗಿ ಒಂದು ಪ್ರತಿ ಮನೆಯವರ ಬಳಿಯೂ ಇನ್ನೊಂದು ಸುದ್ದಿ ಕೇಳಿದೊಡನೆ ಓಡಿಬರುವ ಸ್ನೇಹಿತರ ಬಳಿಯೂ ಇರಬೇಕು.