ಪುಡಿಯಲ್ಲಿ ಕೂತ ಮುಖ

ದಿನಕ್ಕೊಂದು ಚಂದ ಬದಲಾಗುವ ಮಗುವಿನ ಮುಖವನ್ನು ಒಂದೇ ಗಳಿಗೆಯಲ್ಲಿ ಕಟ್ಟಿಹಾಕುವುದು ಸರಿಯೇ? ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ. ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನ ಹಳ್ಳಿಗರ ಆಕೃತಿಗಳು, ಹಾನಗಲ್ಲಿನ ತಾರಕೇಶ್ವರ ಗುಡಿಯ ಛತ್ತಿನ ಕಮಲ, ಎರಡೂ ಸ್ಥಾವರದ ಕಲೆ, ಉಳಿಯಲೆಂದೇ ಮಾಡಿದವು. ಪ್ಯಾಸ್ಟೆಲ್ ಹಾಗಲ್ಲ. ಬಣ್ಣದ ಪುಡಿಗೆ ಚೂರೇ ಅಂಟು ಬೆರೆಸಿದ ಕಡ್ಡಿ ಅದು. ಎಳೆದ ಬಣ್ಣ ಕಾಗದದ ತರಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಅಷ್ಟೆ. ಕೆನ್ನೆಗೆ ಮೊದಲು ತುಸು ಹಸಿರು, ಮೇಲೆ ಕಾವಿ, ಅದರ ಮೇಲೆ ತಿಳಿಗೆಂಪು ಹಚ್ಚಿ ಬೆರಳಿನಿಂದ ಸವರಿದರೆ ಗೆರೆಗಳ ಅಂಚು ಕರಗುತ್ತದೆ. ಕೆನ್ನೆ ಎಲ್ಲಿ ಮುಗಿಯಿತು, ಗಲ್ಲ ಎಲ್ಲಿ ಶುರುವಾಯಿತು ಹೇಳಲಾಗದು. ಇನ್ನೂ ಗಟ್ಟಿಯಾಗದ ಮುಖಕ್ಕೆ ಇದಕ್ಕಿಂತ ಪ್ರಾಮಾಣಿಕ ಮಾಧ್ಯಮ ನನಗೆ ಕಾಣದು. ನಮ್ಮ ತಾಯಂದಿರು ಎಳೆಗೆನ್ನೆಗೆ ದೃಷ್ಟಿಬೊಟ್ಟು ಇಡುವುದೂ ಸಂಜೆಗೆ ಅಳಿಸುವ ಕಾಡಿಗೆಯಲ್ಲೇ, ಹಣೆಗೆ ಹಚ್ಚುವುದೂ ವಿಭೂತಿಯನ್ನೇ.

ವೆನಿಸ್ಸಿನ ರೊಸಾಲ್ಬಾ ಕ್ಯಾರಿಯೆರಾ 18ನೇ ಶತಮಾನದಲ್ಲಿ ಬರೆದ ಪ್ಯಾಸ್ಟೆಲ್‌ಗಳು ಇಂದಿಗೂ ಉಳಿದಿವೆಯಲ್ಲ, ಇದೆಂಥ ಕ್ಷಣಿಕತೆ ಎಂದು ಕೇಳಬಹುದು. ನಿಜ, ಎಣ್ಣೆಯಿಲ್ಲದ ಪುಡಿ ಹಳದಿಗಟ್ಟುವುದಿಲ್ಲ. ಆದರೆ ಅವನ್ನು ಕಾಯ್ದದ್ದು ಮುಂದಿನ ಗಾಜು ಮತ್ತು ಮುಟ್ಟದೆ ಬಿಟ್ಟ ತಲೆಮಾರುಗಳ ಎಚ್ಚರ. ಸ್ಥಾವರ, ಜಂಗಮಗಳ ನಡುವೆ ಶರಣರು ಗೆರೆ ಎಳೆದ ಈ ನಾಡಿನಲ್ಲಿ ಇಂಥ ಚಿತ್ರವನ್ನು ನಾನು ಜಂಗಮದ ಕಡೆಗೇ ಇಡುತ್ತೇನೆ, ಅಂಗಳದ ರಂಗೋಲಿಯ ಪಕ್ಕದಲ್ಲಿ.